ನೋಟವೂ ಕುರುಹೂ

ಕಣ್ಣು ಮಾನವನಿಗೆ ದೊರೆತ ಪ್ರಸಾದಗಳಲ್ಲಿ ಹಿರಿದಾದುದು. ಆದರೆ ಸ್ವೀಕರಿಸುವ ಕ್ರಮವನ್ನರಿತವನಿಗೆ ಮಾತ್ರ ಅದು ಪ್ರಸಾದ. ಅರಿಯದವನಿಗೆ ಬರಿಯ ಪದಾರ್ಥ. ಈ ಕ್ರಮವನ್ನು ಶರಣರು ಅರ್ಪಿತವೆಂದು ಕರೆದರು. ಇಂದ್ರಿಯಗಳಿಗೊದಗಿದುದರ ರೂಪವನ್ನು ಇಷ್ಟಲಿಂಗಕ್ಕೂ, ರುಚಿಯನ್ನು ಪ್ರಾಣಲಿಂಗಕ್ಕೂ, ತೃಪ್ತಿಯನ್ನು ಭಾವಲಿಂಗಕ್ಕೂ ಅರ್ಪಿಸಿ, ಅನಂತರ ತಾನು ಸ್ವೀಕರಿಸುವವನೇ ಪ್ರಸಾದಿ ಎಂಬುದು ನಮ್ಮ ಷಟ್‌ಸ್ಥಲ ಸಿದ್ಧಾಂತದ ನಿಲುವು. ಊಟದ ವಿಚಾರದಲ್ಲಿ ಈ ತತ್ತ್ವವನ್ನು ನಾವು ಆಗಾಗ ನೆನೆಯುತ್ತೇವೆ. ನೋಟದ ವಿಚಾರದಲ್ಲಿ ನೆನೆಯುವುದು ಅಪರೂಪ. ಪ್ರತಿಯೊಬ್ಬನ ಕಿಸೆಯಲ್ಲಿಯೂ ಒಂದು ಕ್ಯಾಮರಾ ಸೇರಿಕೊಂಡಿರುವ ಈ ಕಾಲದಲ್ಲಿ, ಕಂಡುದನ್ನು ಅರ್ಪಿಸುವ ಮೊದಲೇ ಸೆರೆಹಿಡಿಯುವ ಆತುರ ನಮ್ಮನ್ನು ಆವರಿಸಿದೆ. ಆದಕಾರಣ ಛಾಯಾಚಿತ್ರವನ್ನು ನಿಷೇಧಿಸಿರುವ ಪುಣ್ಯಸ್ಥಾನಗಳ ವಿಚಾರವಾಗಿ ಎರಡು ಮಾತುಗಳನ್ನಾಡುವುದು ಅಪ್ರಸ್ತುತವಾಗಲಾರದೆಂದು ಭಾವಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ರೋಮ್ ನಗರವನ್ನು ಕಾಣುವ ಸಂದರ್ಭವೊಂದು ನನಗೆ ಒದಗಿತ್ತು. ಅಲ್ಲಿಯ ವ್ಯಾಟಿಕನ್ ಅರಮನೆಯೊಳಗೆ ಸಿಸ್ಟೈನ್ ಪ್ರಾರ್ಥನಾಮಂದಿರವಿದೆ. ಕ್ಯಾಥೊಲಿಕ್ ಕ್ರೈಸ್ತರ ಪರಮಾಚಾರ್ಯರಾದ ಪೋಪರನ್ನು ಆರಿಸುವ ಸಭೆ ಕೂಡುವುದು ಇಲ್ಲಿಯೇ. 2025ರ ಮೇ ತಿಂಗಳಿನಲ್ಲಿಯೂ ಆ ಸಭೆ ಇಲ್ಲಿಯೇ ಕೂಡಿತು. ಈ ಮಂದಿರದ ಮೇಲ್ಛಾವಣಿಯನ್ನು ಮೈಕೆಲ್ಯಾಂಜೆಲೊ ಎಂಬ ಮಹಾಕಲಾವಿದನು 1508ರಿಂದ 1512ರವರೆಗೆ ಚಿತ್ರಿಸಿದನು. ತಾನು ಶಿಲ್ಪಿಯೇ ಹೊರತು ಚಿತ್ರಕಾರನಲ್ಲವೆಂದು ಹೇಳಿಕೊಳ್ಳುತ್ತಿದ್ದವನು ಅವನು. ಅಂದಂದಿಗೆ ಬೇಕಾದಷ್ಟೇ ಹಸಿ ಗಾರೆಯನ್ನು ಹಚ್ಚಿಸಿ, ಅದು ಆರುವುದರೊಳಗಾಗಿ ಬಣ್ಣವನ್ನೂಡಬೇಕಾದ ಕಠಿನ ವಿಧಾನ ಅವನದು. ಅವನು ಮಲಗಿಕೊಂಡು ಬರೆದನೆಂಬ ಪ್ರತೀತಿ ನಿಜವಲ್ಲ. ಎತ್ತರದ ಅಟ್ಟದ ಮೇಲೆ ನಿಂತು, ಕತ್ತನ್ನು ಹಿಂದಕ್ಕೆ ಬಾಗಿಸಿ, ಮುಖದ ಮೇಲೆ ಬಣ್ಣ ತೊಟ್ಟಿಕ್ಕುತ್ತಿರಲು ಬರೆದನು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ತರುವಾಯ ಅದೇ ಮಂದಿರಕ್ಕೆ ಮರಳಿ, 1536ರಿಂದ 1541ರವರೆಗೆ ಮುಂಭಾಗದ ಗೋಡೆಯ ಮೇಲೆ ಅಂತಿಮ ತೀರ್ಪಿನ ಚಿತ್ರವನ್ನು ಬರೆದನು. ನಮ್ಮ ಮಾತಿನಲ್ಲಿ ಹೇಳುವುದಾದರೆ ಇದೊಂದು ದೊಡ್ಡ ಕಾಯಕ. ಸ್ಥಾವರವನ್ನೇ ನೆಚ್ಚಿ ಕುಳಿತುಕೊಳ್ಳುವುದನ್ನು ಶರಣರು ಒಪ್ಪಲಿಲ್ಲವೆಂಬುದು ದಿಟ. ಆದರೆ ಸತ್ಯಶುದ್ಧವಾದ ದುಡಿಮೆ ಎಲ್ಲಿ ಕಂಡರೂ ಅದಕ್ಕೆ ಕೈಮುಗಿಯುವುದು ಶರಣಮಾರ್ಗಕ್ಕೆ ಹೊರತಾದುದಲ್ಲ.

ಈ ಮಂದಿರದಲ್ಲಿ ಛಾಯಾಚಿತ್ರವನ್ನು ತೆಗೆಯಕೂಡದು, ಮಾತನ್ನೂ ಆಡಕೂಡದು. ಜನಸಂದಣಿಯ ದಿನಗಳಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ಇದರೊಳಗೆ ಹಾದುಹೋಗುತ್ತಾರೆ. ಗುಜುಗುಜು ಮಾತು ಏರಿದಂತೆಲ್ಲ ಕಾವಲಿನವರು ಮೌನವನ್ನು ಕೋರಿ ಕೂಗುತ್ತಾರೆ. ಕ್ಯಾಮರಾಗಳನ್ನು ಇಳಿಸಿರೆಂದು ಕೂಗುತ್ತಾರೆ. ಮೌನಕ್ಕಾಗಿಯೇ ಕೂಗಬೇಕಾಗಿ ಬಂದಿರುವ ಆ ಸ್ಥಿತಿಯನ್ನು ಕಂಡು ನನಗೆ ನಗುವೂ ವ್ಯಸನವೂ ಒಟ್ಟಿಗೇ ಬಂದುವು.

ಇಲ್ಲಿ ನನ್ನ ಒಂದು ತಪ್ಪನ್ನು ವಾಚಕರ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ಊರಿನಲ್ಲಿ ನನ್ನ ಅಕ್ಕ ಇದ್ದಳು. ವಯಸ್ಸಾದ ಜೀವ, ಮನೆಯ ಹೊಸ್ತಿಲನ್ನು ದಾಟುವ ಶಕ್ತಿಯೂ ಇರಲಿಲ್ಲ. ಹೊರಡುವಾಗ, “ಅಲ್ಲಿ ಕಂಡುದನ್ನು ನನಗೂ ತೋರಿಸು” ಎಂದು ಹೇಳಿದ್ದಳು. ಆ ಮಾತನ್ನೇ ನೆವವಾಗಿಟ್ಟುಕೊಂಡು, ಕಾವಲಿನವನು ಬೇರೆ ಕಡೆಗೆ ತಿರುಗಿದ್ದ ಹೊತ್ತಿನಲ್ಲಿ, ದೂರವಾಣಿಯನ್ನು ಎದೆಗವಚಿಕೊಂಡು ಒಂದು ಚಿತ್ರವನ್ನು ಕದ್ದು ತೆಗೆದೆನು. ಸಂಜೆ ವಸತಿಗೆ ಬಂದು ನೋಡಿದರೆ, ಯಾರೋ ಅಪರಿಚಿತರ ತಲೆಯ ಹಿಂಭಾಗ, ಅದರ ಮೇಲೆ ವಾರೆಯಾಗಿ ಒಂದು ಪಾದ, ಮಿಕ್ಕುದೆಲ್ಲ ಮಸುಕು. ಆ ಪಾದ ಯಾರದೆಂದು ನನಗೆ ತಿಳಿಯಲಿಲ್ಲ. ಚಿತ್ರವನ್ನು ತೆಗೆಯುತ್ತಿದ್ದ ಆ ಗಳಿಗೆಯಲ್ಲಿ ನಾನು ನೋಡುತ್ತಿದ್ದುದು ಛಾವಣಿಯನ್ನಲ್ಲ, ಕಾವಲಿನವನ ಬೆನ್ನನ್ನು! ಅಷ್ಟು ದೂರ ಹೋಗಿ, ಆ ಮಂದಿರದಲ್ಲಿ ನನಗೆ ದೊರೆತ ಅಲ್ಪ ಸಮಯದಲ್ಲಿ ಒಂದು ಭಾಗವನ್ನು ಕಾವಲಿನವನ ಬೆನ್ನಿಗೆ ಅರ್ಪಿಸಿ ಬಂದಿದ್ದೆನು.

ಮನಸ್ಸು ತನ್ನ ತಪ್ಪಿಗೆ ಸಮರ್ಥನೆಯನ್ನು ಹುಡುಕದೆ ಇರಲಾರದು. ನನ್ನ ಮನಸ್ಸೂ ಹುಡುಕಿತು; ದುರದೃಷ್ಟವಶಾತ್ ಅದಕ್ಕೆ ಒಂದು ಒಳ್ಳೆಯ ಸಮರ್ಥನೆ ದೊರೆಯಿತು ಕೂಡ. ಈ ಮಂದಿರದ ಚಿತ್ರಗಳ ಮೇಲೆ ಶತಮಾನಗಳಿಂದ ಕವಿದಿದ್ದ ಮಸಿಯನ್ನು ತೆಗೆದು ಶುದ್ಧಿಗೊಳಿಸುವ ಕಾರ್ಯ 1980ರಲ್ಲಿ ಮೊದಲಾಗಿ 1994ರಲ್ಲಿ ಮುಗಿಯಿತು. ಅದರ ವೆಚ್ಚವನ್ನು ವಹಿಸಿಕೊಂಡುದು ಜಪಾನಿನ ನಿಪ್ಪಾನ್ ಟೆಲಿವಿಷನ್ ಸಂಸ್ಥೆ. ಅದಕ್ಕೆ ಪ್ರತಿಯಾಗಿ ಚಿತ್ರೀಕರಣದ ಹಕ್ಕು ಕೆಲವು ಕಾಲ ಆ ಸಂಸ್ಥೆಗೆ ಮಾತ್ರ ಸಂದಿತು. ಆ ಒಪ್ಪಂದದ ಅವಧಿ ಎಂದೋ ತೀರಿತು. ನಿಷೇಧ ಮಾತ್ರ ಉಳಿಯಿತು. ಹಾಗಾದರೆ ಹಣದ ಒಪ್ಪಂದದೊಡನೆ ಬೆಸೆದುಕೊಂಡ ನಿಯಮಕ್ಕೆ ಧರ್ಮದ ಗೌರವವನ್ನೇಕೆ ಸಲ್ಲಿಸಬೇಕು? ಮಿಂಚುದೀಪದ ಬೆಳಕು ಬಣ್ಣಗಳಿಗೆ ಎಷ್ಟು ಕೇಡನ್ನು ಮಾಡುತ್ತದೆಂಬುದರಲ್ಲಿ ತಜ್ಞರಲ್ಲಿಯೇ ಒಮ್ಮತವಿಲ್ಲ. ಜನರ ಉಸಿರು, ಬೆವರು, ಅವರು ಹೊತ್ತು ತರುವ ಧೂಳು, ಇವು ಅಪಾಯಕರವೆಂಬುದರಲ್ಲಿ ಮಾತ್ರ ಸಂದೇಹವಿಲ್ಲ. ಅದಕ್ಕಾಗಿಯೇ 2014ರಲ್ಲಿ ಅಲ್ಲಿ ಹೊಸ ವಾಯುನಿಯಂತ್ರಣ ವ್ಯವಸ್ಥೆಯನ್ನು ಕಲ್ಪಿಸಿದರು. ಉಸಿರಾಡಲು ಬಿಡುವವರು ಚಿತ್ರವನ್ನು ತೆಗೆಯಲೇಕೆ ಬಿಡರು? ಹೀಗೆ ನನ್ನ ತರ್ಕ ಸಾಗಿತು.

ತರ್ಕವೇನೋ ಚೆನ್ನಾಗಿಯೇ ಇತ್ತು. ಆದರೆ ಅದು ನನ್ನನ್ನು ಬಿಡಿಸಲಿಲ್ಲ. ನಿಯಮದ ಮೂಲ ಶುದ್ಧವೋ ಅಶುದ್ಧವೋ ಎಂಬ ಪ್ರಶ್ನೆ ನಿಯಮವನ್ನು ಮಾಡಿದವರಿಗೆ ಸೇರಿದುದು. ನಾನು ಕದ್ದೆನೋ ಇಲ್ಲವೋ ಎಂಬ ಪ್ರಶ್ನೆ ನನಗೆ ಸೇರಿದುದು. ಅತಿಥಿಯಾಗಿ ಹೋದವನು ಮನೆಯವರ ಕಟ್ಟಳೆಯನ್ನು ಒಪ್ಪದಿದ್ದರೆ ಹೊರಗೆ ಉಳಿಯಬಹುದು, ಬಹಿರಂಗವಾಗಿ ಪ್ರತಿಭಟಿಸಬಹುದು. ಒಪ್ಪಿದವನಂತೆ ನಟಿಸಿ ಒಳಹೊಕ್ಕು ಮುರಿಯಲಾಗದು. ಒಳಗೊಂದು ಹೊರಗೊಂದು ಆಗಿರುವ ಈ ನಡೆಯನ್ನೇ ಅಲ್ಲವೇ ಶರಣರು ಎಲ್ಲಕ್ಕಿಂತ ಹೆಚ್ಚಾಗಿ ಹೇಸಿದುದು? ಅವರು ರಾಜನ ಕಟ್ಟಳೆಗಳನ್ನೂ ಕುಲದ ಕಟ್ಟಳೆಗಳನ್ನೂ ಮುರಿದರು. ಮುರಿದುದನ್ನು ಕಲ್ಯಾಣದ ನಡುಬೀದಿಯಲ್ಲಿ ನಿಂತು ಸಾರಿದರು, ಅದರ ಬೆಲೆಯನ್ನೂ ತೆತ್ತರು. ಅವರ ಉಲ್ಲಂಘನೆಗೂ ನನ್ನ ಉಲ್ಲಂಘನೆಗೂ ಇರುವ ಅಂತರವನ್ನು ಕಂಡುಕೊಳ್ಳಲು ನನಗೆ ಯಾವ ಶಾಸ್ತ್ರದ ಸಹಾಯವೂ ಬೇಕಾಗಲಿಲ್ಲ.

ಇನ್ನು, ಊರಿನಲ್ಲಿದ್ದ ಅಕ್ಕನ ಮಾತು. ಬರಲಾರದವರಿಗೆ ಕೊಂಡೊಯ್ಯುವುದು ದಾಸೋಹವಲ್ಲವೇ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ದೂರದೇಶದ ಪ್ರಯಾಣ ಉಳ್ಳವರಿಗೆ ಮಾತ್ರ ಸಾಧ್ಯವಾದುದು. ಬಡವರಿಗೂ ರೋಗಿಗಳಿಗೂ ಚಿತ್ರವೇ ದರ್ಶನ. ಆದರೆ ಸಿಸ್ಟೈನ್ ಮಂದಿರದ ಚಿತ್ರಗಳು ನುರಿತ ಛಾಯಾಗ್ರಾಹಕರಿಂದ ತೆಗೆಯಲ್ಪಟ್ಟು, ಪುಸ್ತಕಗಳಲ್ಲಿ ಅಚ್ಚಾಗಿ, ಲೋಕದಲ್ಲೆಲ್ಲ ದೊರೆಯುತ್ತವೆ. ಅಕ್ಕನಿಗಾಗಿಯೇ ಆಗಿದ್ದರೆ ಬಾಗಿಲಲ್ಲಿ ಮಾರುತ್ತಿದ್ದ ಒಂದು ಪುಸ್ತಕ ಸಾಕಾಗಿತ್ತು. ನನ್ನ ಮಸುಕು ಚಿತ್ರದಲ್ಲಿ ಅವುಗಳಲ್ಲಿ ಇಲ್ಲದಿದ್ದುದು ಒಂದೇ: ಅದು ನನ್ನದೆಂಬುದು. ‘ನಾನು ಇಲ್ಲಿಗೆ ಬಂದಿದ್ದೆ’ ಎಂಬ ಅಹಂಕಾರಕ್ಕೆ ಅಕ್ಕನ ಹೆಸರನ್ನು ಹೊದಿಸಿದ್ದೆನು. ದಾಸೋಹದ ವೇಷವನ್ನು ತೊಟ್ಟು ಬರುವ ‘ನಾನು’ ಎಂಬುದನ್ನು ಗುರುತಿಸುವುದು ಎಷ್ಟು ಕಷ್ಟ!

ರೂಪವನ್ನು ಕೊಂಡೊಯ್ಯುವ ಆಸೆ ಮೂಲವಸ್ತುವಿಗೇ ಕುತ್ತಾದ ಉದಾಹರಣೆ ನಮ್ಮ ನಾಡಿನಲ್ಲಿಯೇ ಇದೆ. ಅಜಂತೆಯ ಬೌದ್ಧ ಗುಹೆಗಳು 1819ರಲ್ಲಿ ಆಂಗ್ಲರ ಕಣ್ಣಿಗೆ ಬಿದ್ದುವು. 1844ರಿಂದ ಮುಂದಕ್ಕೆ ರಾಬರ್ಟ್ ಗಿಲ್ ಎಂಬ ಸೇನಾಧಿಕಾರಿ ಅಲ್ಲಿಯ ಭಿತ್ತಿಚಿತ್ರಗಳನ್ನು ವರ್ಷಗಟ್ಟಲೆ ಕುಳಿತು ಪ್ರತಿಮಾಡಿದನು. ಆ ಪ್ರತಿಗಳಲ್ಲಿ ಬಹುಪಾಲು 1866ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಬೆಂಕಿಗೆ ಆಹುತಿಯಾದುವು. ಬಳಿಕ ಮುಂಬಯಿಯ ಕಲಾಶಾಲೆಯ ಜಾನ್ ಗ್ರಿಫಿತ್ಸ್ ತನ್ನ ವಿದ್ಯಾರ್ಥಿಗಳೊಡನೆ 1872ರಿಂದ ಅದೇ ಕೆಲಸವನ್ನು ಮತ್ತೆ ಕೈಗೊಂಡನು. ಆ ಪ್ರತಿಗಳಲ್ಲಿಯೂ ಎಷ್ಟೋ 1885ರಲ್ಲಿ ಲಂಡನ್ನಿನ ಮತ್ತೊಂದು ಬೆಂಕಿಗೆ ಸಿಕ್ಕಿದುವು. ಇದಕ್ಕಿಂತ ಶೋಚನೀಯವಾದ ಸಂಗತಿಯೊಂದುಂಟು. ಪ್ರತಿಮಾಡುವಾಗ ಬಣ್ಣಗಳು ಚೆನ್ನಾಗಿ ಕಾಣಲೆಂದು ಮೂಲಚಿತ್ರಗಳ ಮೇಲೆ ವಾರ್ನಿಶನ್ನು ಬಳಿದರು. ಅದು ಕಾಲಕ್ರಮದಲ್ಲಿ ಹಳದಿಗಟ್ಟಿ, ಬಿರಿದು, ಚಿತ್ರಗಳನ್ನೇ ಮಬ್ಬುಗೊಳಿಸಿತು. ಪ್ರತಿಗಳು ಸುಟ್ಟುಹೋದುವು, ಪ್ರತಿಗಾಗಿ ಮಾಡಿದ ಗಾಯ ಗೋಡೆಯ ಮೇಲೆ ಉಳಿಯಿತು. ಇಂದು ಅಜಂತೆಯಲ್ಲಿ ಮಿಂಚುದೀಪವನ್ನು ನಿಷೇಧಿಸಿದ್ದಾರೆ.

ಹಾಗೆಂದು ಪ್ರತಿಮಾಡುವುದೇ ಪಾಪವೆಂದು ಹೇಳಲು ನಾನು ಸಿದ್ಧನಿಲ್ಲ. ಓಲೆಗರಿಗಳನ್ನು ತಲೆಮಾರಿನಿಂದ ತಲೆಮಾರಿಗೆ ಪ್ರತಿಮಾಡಿದ ಅಜ್ಞಾತ ಲಿಪಿಕಾರರಿಲ್ಲದಿದ್ದರೆ ನಮಗೆ ವಚನಗಳೇ ಉಳಿಯುತ್ತಿರಲಿಲ್ಲ. ಊರೂರು ಅಲೆದು ಆ ಓಲೆಗಳನ್ನು ಕೂಡಿಹಾಕಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದ ಫ. ಗು. ಹಳಕಟ್ಟಿಯವರ ಋಣ ನಮ್ಮೆಲ್ಲರ ಮೇಲಿದೆ. ಆದರೆ ಲಿಪಿಕಾರನು ಒಂದೊಂದಕ್ಷರವನ್ನೂ ಓದದೆ ಬರೆಯಲಾರ. ಕಂಟದ ಮೊನೆ ಓಲೆಯ ಮೇಲೆ ಹರಿಯುವಷ್ಟು ಹೊತ್ತು ವಚನ ಅವನೊಳಗೆ ಹರಿಯುತ್ತದೆ. ಗಿಲ್ಲನ ಪ್ರತಿಗಳು ಸುಟ್ಟರೂ ಅವುಗಳಿಗಾಗಿ ಅವನು ನೋಡಿದ ನೋಟ ಸುಡಲಿಲ್ಲ. ಅವನು ಮರಳಿ ಅಜಂತೆಗೇ ಹೋಗಿ ಮೊದಲಿನಿಂದ ಬರೆಯತೊಡಗಿದನು. ಯಂತ್ರದ ಪ್ರತಿಯಾದರೋ ನೋಡದೆಯೇ ದೊರೆಯುತ್ತದೆ. ಅದರ ಸೌಲಭ್ಯವೂ ಅದೇ, ಅದರ ಅಪಾಯವೂ ಅದೇ.

ಅಲ್ಲಮಪ್ರಭುವಿನ ಬೋಧೆಯಲ್ಲಿ ಅರಿವು, ಕುರುಹು ಎಂಬ ಎರಡು ಮಾತುಗಳಿಗೆ ವಿಶೇಷವಾದ ಸ್ಥಾನವಿದೆ. ಕುರುಹು ತುಚ್ಛವಾದುದಲ್ಲ, ಅಂಗೈಯ ಇಷ್ಟಲಿಂಗವೂ ಕುರುಹೇ. ಗುರುವು ಅದನ್ನು ಶಿಷ್ಯನ ಕರಸ್ಥಲಕ್ಕೆ ಕೊಡುವುದು ಅದರಲ್ಲಿ ದೃಷ್ಟಿಯನ್ನು ನಿಲ್ಲಿಸಿ ಅರಿವಿಗೆ ಸಲ್ಲಲೆಂದು. ಕುರುಹಿನಿಂದ ಅರಿವಿಗೆ ನಡೆಯುವುದು ಸಾಧನೆ. ಅರಿವಿನ ಬದಲಿಗೆ ಕುರುಹನ್ನೇ ಕಿಸೆಯಲ್ಲಿಟ್ಟುಕೊಂಡು ಮರಳುವುದು ಮರವೆ. ಕ್ಯಾಮರಾ ರೂಪವನ್ನು ತರಬಲ್ಲುದು. ರುಚಿ ತೃಪ್ತಿಗಳು ನಿಂತು ನೋಡಿದವನಿಗೆ ಮಾತ್ರ ಸಾಧ್ಯ. ಅಲ್ಲಮನಿಗೆ ಲಿಂಗವನ್ನು ಕರುಣಿಸಿದ ಗುರುವಿನ ಹೆಸರು ಅನಿಮಿಷ, ಎಂದರೆ ಎವೆಯಿಕ್ಕದವನು, ಎಂಬುದನ್ನು ಶೂನ್ಯಸಂಪಾದನೆಯ ವಾಚಕರು ಬಲ್ಲರು. ಹೂತುಹೋದ ಗುಡಿಯೊಳಗೆ, ಯಾರೂ ನೋಡದಿರುವೆಡೆಯಲ್ಲಿ, ಕರಸ್ಥಲದ ಲಿಂಗದಲ್ಲಿ ಕಣ್ಣು ನೆಟ್ಟು ಕುಳಿತಿದ್ದ ಆ ಮಹಾನುಭಾವನ ನೋಟಕ್ಕೆ ಸಾಕ್ಷಿಯೂ ಬೇಕಾಗಿರಲಿಲ್ಲ, ದಾಖಲೆಯೂ ಬೇಕಾಗಿರಲಿಲ್ಲ.

ಊರಿಗೆ ಮರಳಿದ ಮೇಲೆ ಅಕ್ಕನಿಗೆ ಆ ಮಸುಕು ಚಿತ್ರವನ್ನು ತೋರಿಸಿದೆನು. ಆಕೆ ಕಣ್ಣಿನ ಹತ್ತಿರ ಹಿಡಿದು ನೋಡಿ, “ಇದೇನು?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಆಗ ಚಿತ್ರವನ್ನು ಬದಿಗಿಟ್ಟು, ಕಳವಿಗೆ ಮೊದಲು ನಾನು ನಿಜವಾಗಿ ನೋಡಿದ್ದ ಒಂದೇ ಒಂದು ಸಂಗತಿಯನ್ನು ಹೇಳಿದೆನು. ಛಾವಣಿಯ ನಡುವೆ ದೇವರು ಮೊದಲ ಮಾನವನಿಗೆ ಚೈತನ್ಯವನ್ನೀಯುವ ಚಿತ್ರವಿದೆ. ಆಕಾಶದಿಂದ ದೇವರು ಬೆರಳನ್ನು ಚಾಚಿದ್ದಾನೆ. ನೆಲದಲ್ಲಿ ಒರಗಿರುವ ಮಾನವನೂ ಬೆರಳನ್ನು ಚಾಚಿದ್ದಾನೆ. ಎರಡು ಬೆರಳುಗಳೂ ಮುಟ್ಟಿಲ್ಲ. ನಡುವೆ ಎಷ್ಟು ಎಡೆಯಿದೆಯೆಂದು ಅಕ್ಕ ಕೇಳಿದಳು. ನನ್ನ ಎರಡು ಬೆರಳುಗಳನ್ನು ಹಿಡಿದು ತೋರಿಸಿದೆನು. ಆಕೆ ಬಹಳ ಹೊತ್ತು ಅವನ್ನೇ ನೋಡುತ್ತಿದ್ದು, “ಅವು ಕೂಡುತ್ತವೋ, ಇಲ್ಲ ಹಾಗೆಯೇ ಉಳಿಯುತ್ತವೋ?” ಎಂದು ಕೇಳಿದಳು. ಲಿಂಗಾಂಗಸಾಮರಸ್ಯವನ್ನು ಕುರಿತು ಎಷ್ಟೋ ಉಪನ್ಯಾಸಗಳನ್ನು ಕೇಳಿದ್ದ ನಾನು ಆ ಪ್ರಶ್ನೆಗೆ ಇಂದಿಗೂ ಉತ್ತರವನ್ನು ಹೇಳಲಾರೆ. ಆದರೆ ಅಕ್ಕ ಆ ಚಿತ್ರವನ್ನು ಕಂಡಳೆಂಬುದನ್ನು ಮಾತ್ರ ನಾನು ಬಲ್ಲೆನು.

ನಿಷೇಧವೆಂಬುದು ಹೊರಗಿನಿಂದ ಹೇರಿದುದು. ನೇಮವೆಂಬುದು ಒಳಗಿನಿಂದ ತಾಳಿದುದು. ಗೋಡೆಯ ಮೇಲಿನ ಫಲಕ ನಮ್ಮ ಕೈಯನ್ನು ತಡೆಯಬಹುದು, ಕಣ್ಣನ್ನು ತೆರೆಸಲಾರದು. ನಮ್ಮ ಮಠಗಳ ಗದ್ದುಗೆಗಳ ಮುಂದೆ, ದೀಕ್ಷೆಯ ಸಮಯದಲ್ಲಿ, ಜಾತ್ರೆಯ ತೇರಿನ ಎದುರಿನಲ್ಲಿ, ಕೈ ಮುಗಿಯಬೇಕಾದ ಹೊತ್ತಿನಲ್ಲಿ ಯಂತ್ರವನ್ನೆತ್ತಿ ಹಿಡಿದ ಕೈಗಳನ್ನು ನಾವು ದಿನವೂ ಕಾಣುತ್ತಿದ್ದೇವೆ. ಅಲ್ಲೆಲ್ಲ ಫಲಕಗಳನ್ನು ಹಾಕಬೇಕೆಂಬುದು ನನ್ನ ಸಲಹೆಯಲ್ಲ. ಮೊದಲು ನೋಡೋಣ, ನೋಡಿದುದನ್ನು ಅರ್ಪಿಸೋಣ, ಕುರುಹು ಬೇಕೆನಿಸಿದರೆ, ಮತ್ತು ಅನುಮತಿಯಿದ್ದರೆ, ಬಳಿಕ ತೆಗೆದುಕೊಳ್ಳೋಣ. ಇಷ್ಟನ್ನು ನಮಗೆ ನಾವೇ ನೇಮವಾಗಿ ವಿಧಿಸಿಕೊಂಡರೆ, ರೋಮಿನಲ್ಲಿ ಕಾವಲಿನವನು ಕೂಗಿದ ಕೂಗು ನನ್ನಂಥವನಿಗೂ ವ್ಯರ್ಥವಾಗಲಿಲ್ಲವೆಂದು ಭಾವಿಸುವೆನು.