ಇಂದಿನ ಧಮ್ಮ ಚಿಂತನೆ: ಜೀಪಿನ ಆಸೆ



ಬಂಧುಗಳೇ, ಕಳೆದ ಭಾನುವಾರ ಓದಿಗೆ ತಡವಾಗಿ ಬಂದೆ. ಕಾರಣ ಹೇಳಲು ಅಂದು ಸಂಕೋಚವಾಯಿತು. ಹಳೆಯ ಮಾರುತಿ ಜಿಪ್ಸಿ ನೋಡಲು ಹೋಗಿದ್ದೆ.

ನಮ್ಮೂರ ಪಟೇಲರ ಮನೆಯ ಜೀಪು ಕೆಟ್ಟು ನಿಂತರೆ ತಳ್ಳಲು ನಮ್ಮ ಕೇರಿಯ ಹುಡುಗರನ್ನೇ ಕೂಗುತ್ತಿದ್ದರು. ಸ್ಟಾರ್ಟ್ ಆದ ಮೇಲೆ ಹತ್ತಿಸಿಕೊಳ್ಳುತ್ತಿರಲಿಲ್ಲ. ನನ್ನ ಆಸೆ ಅಲ್ಲಿಂದ ಅಂಟಿದ್ದು. ಇದು ತಣ್ಹೆಯೋ ಅಲ್ಲವೋ ಎಂದು ವರ್ಷಗಟ್ಟಲೆ ನನ್ನನ್ನೇ ಕೇಳಿಕೊಂಡಿದ್ದೇನೆ.

ಕೋಲಿಯರ ದೀಘಜಾಣು ಬುದ್ಧರ ಬಳಿ ಬಂದು, ನಾವು ಹೆಂಡತಿ ಮಕ್ಕಳೊಂದಿಗರು, ಗಂಧ ಪೂಸಿಕೊಳ್ಳುವವರು, ಚಿನ್ನ ಬೆಳ್ಳಿ ಮುಟ್ಟುವವರು, ನಮಗೆ ಒಗ್ಗುವ ಧಮ್ಮ ಹೇಳಿ ಎಂದ. ಎಲ್ಲ ಬಿಟ್ಟು ಬಾ ಎಂದು ಬುದ್ಧರು ಹೇಳಲಿಲ್ಲ. ತಕ್ಕಡಿ ಹಿಡಿದವನಂತೆ ಆದಾಯ ವೆಚ್ಚ ತೂಗಿ ಬದುಕು ಎಂದರು. ಸಣ್ಣ ಆದಾಯದಲ್ಲಿ ದೊಡ್ಡದಾಗಿ ಬದುಕುವವನನ್ನು ಅತ್ತಿಹಣ್ಣು ತಿನ್ನುವವನು ಎಂದು ಜನ ಆಡಿಕೊಳ್ಳುತ್ತಾರೆ. ದೊಡ್ಡ ಆದಾಯವಿದ್ದೂ ಹಿಡಿದು ಹಿಡಿದು ಬದುಕಿದರೆ ಉಪವಾಸ ಸತ್ತ ಎನ್ನುತ್ತಾರೆ. ಈ ಎರಡನೆಯ ಮಾತನ್ನು ನಮ್ಮ ಪ್ರವಚನಗಳಲ್ಲಿ ಯಾರೂ ಹೆಚ್ಚು ಎತ್ತುವುದಿಲ್ಲ.

ಎರಡು ಗಾಡಿ ನೋಡಿದೆ. ಮೊದಲನೆಯದಕ್ಕೆ ದಪ್ಪ ಟೈರು, ಮೇಲೆ ಸಾಲು ದೀಪ, ಕೆಂಪು ಬಣ್ಣ. ಊರಬಾಗಿಲಲ್ಲಿ ನಿಲ್ಲಿಸಿದರೆ ಪಟೇಲರ ಮೊಮ್ಮಕ್ಕಳೂ ತಿರುಗಿ ನೋಡಬೇಕು! ಕೈ ಪರ್ಸಿಗೆ ಹೋಗಿತ್ತು. ಅಷ್ಟರಲ್ಲಿ ಅನ್ನಿಸಿತು, ಆ ಒಂದು ದಿನಕ್ಕಾದರೆ ಬಾಡಿಗೆ ಗಾಡಿಯೇ ಸಾಕಲ್ಲ. ಬಗ್ಗಿ ನೋಡಿದರೆ ಚಾಸಿಯ ತುಕ್ಕಿನ ಮೇಲೆ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರು.

ಇನ್ನೊಂದು 2014ರದು, ಮಾಸಿದ ಬಿಳಿ ಬಣ್ಣ, ಏನೂ ಬದಲಾಯಿಸಿಲ್ಲ, ಸರ್ವೀಸ್ ಬಿಲ್ಲುಗಳೆಲ್ಲ ಇವೆ. ಪವರ್ ಸ್ಟೀರಿಂಗ್ ಇಲ್ಲ. ಮುಂದೆ ಹಿಂದೆ ಎರಡೂ ಕಡೆ ಲೀಫ್ ಸ್ಪ್ರಿಂಗ್, ಹಳ್ಳ ಬಿದ್ದರೆ ಬೆನ್ನಿಗೆ ಗೊತ್ತಾಗುತ್ತದೆ. ಅದಕ್ಕೇ ಮನೆಯವಳನ್ನು ಕೂರಿಸಿಕೊಂಡು ಇಪ್ಪತ್ತು ಕಿಲೋಮೀಟರ್ ಹೋದೆ. "ಮುಂದಿನ ಸೀಟಾದರೆ ಬರ್ತೀನಿ, ಹಿಂದೆ ಕೂರಲ್ಲ" ಅಂದಳು. ನನಗೋ, ಕೆಸರಿನ ದಾರಿಯಲ್ಲಿ ಫೋರ್ ವೀಲ್ ಲಿವರ್ ಎಳೆದು ನಿಧಾನಕ್ಕೆ ಏರಿದಾಗ ಯಾರು ನೋಡುತ್ತಿದ್ದಾರೆ ಎಂಬುದೇ ಮರೆತುಹೋಗಿತ್ತು. ಹತ್ತು ವರ್ಷ ಇಟ್ಟುಕೊಳ್ಳುವುದಾದರೆ ಇದನ್ನೇ.

ಲೆಕ್ಕವನ್ನೂ ಹಾಕಿದ್ದೇನೆ. 2029ಕ್ಕೆ ಹದಿನೈದು ವರ್ಷ ತುಂಬುತ್ತದೆ. ಆಮೇಲೆ ಐದೈದು ವರ್ಷಕ್ಕೆ ಫಿಟ್‌ನೆಸ್ ಮಾಡಿಸಿ ಆರ್‌ಸಿ ನವೀಕರಿಸಬೇಕು, ಹಸಿರು ತೆರಿಗೆ ಬೇರೆ. ತಿಂಗಳ ಸಂಬಳದಿಂದ ರಿಪೇರಿಗೆಂದು ಒಂದಿಷ್ಟು ತೆಗೆದಿಟ್ಟು, ಮಗಳ ಫೀಸಿಗೆ ಕೈ ಹಾಕದೆ ನಡೆದರೆ ಮಾತ್ರ ಕೊಳ್ಳುವುದು ಎಂದುಕೊಂಡಿದ್ದೇನೆ.

ದೀಘಜಾಣುವಿಗೆ ಬುದ್ಧರು ಕಲ್ಯಾಣಮಿತ್ರರ ಸಂಗವನ್ನೂ ಹೇಳಿದ್ದರು. ನಮ್ಮ ಗುಂಪಿನಲ್ಲಿ ಗಾಡಿಯ ಕೆಳಗೆ ಮಲಗಿ ಚಾಸಿ ನೋಡಬಲ್ಲವರು ಯಾರಾದರೂ ಇದ್ದರೆ ಈ ಭಾನುವಾರ ಓದಿಗೆ ಮುಂಚೆ ಒಂದು ಗಂಟೆ ಬನ್ನಿ. ಟೀ ನನ್ನದು.

ಜೈ ಭೀಮ್.