ರಾಷ್ಟ್ರಗೀತೆ, ಆಟಗಾರ ಮತ್ತು ಮನಸ್ಸಾಕ್ಷಿ



ಪಂದ್ಯ ಶುರುವಾಗುವ ಮುನ್ನ ರಾಷ್ಟ್ರಗೀತೆ ಹಾಡುವಾಗ ಆಟಗಾರರೆಲ್ಲರೂ ಅಲ್ಲಿ ಇರಲೇಬೇಕೇ? ಇರದವನನ್ನು ದೇಶಪ್ರೇಮವಿಲ್ಲದವನೆಂದು ಕರೆಯಬಹುದೇ? ಈ ಪ್ರಶ್ನೆ ಅಮೆರಿಕದಲ್ಲಿ ದೊಡ್ಡ ಗದ್ದಲವೆಬ್ಬಿಸಿತು. 2024ರ ಏಪ್ರಿಲ್ 1ರಂದು ಆಲ್ಬನಿ ನಗರದಲ್ಲಿ ಲೂಸಿಯಾನ ರಾಜ್ಯ ವಿಶ್ವವಿದ್ಯಾನಿಲಯದ ಬಾಸ್ಕೆಟ್‌ಬಾಲ್ ಹುಡುಗಿಯರು ಗೀತೆಯ ಹೊತ್ತಿಗೆ ಅಂಗಣದಲ್ಲಿರಲಿಲ್ಲ. ಪಂದ್ಯಕ್ಕೆ ಮುಂಚಿನ ತಮ್ಮ ವಾಡಿಕೆಯೇ ಹಾಗೆ ಎಂದು ತರಬೇತುದಾರರು ಹೇಳಿದರು. ಆದರೂ ಆ ರಾಜ್ಯದ ಗವರ್ನರರು, ಗೀತೆಗೆ ಹಾಜರಿರದ ಆಟಗಾರರು ವಿದ್ಯಾರ್ಥಿವೇತನವನ್ನೇ ಕಳೆದುಕೊಳ್ಳುವಂಥ ನಿಯಮ ಬೇಕೆಂದರು.

ಅಮೆರಿಕದ ಗೊಡವೆ ನಮಗೇಕೆ ಎನ್ನಬೇಡಿ. ಪ್ರೊ ಕಬಡ್ಡಿ ಪಂದ್ಯಗಳಿಗೆ ಮುನ್ನ ರಾಷ್ಟ್ರಗೀತೆ ಹಾಡುವುದನ್ನು ನಿಮ್ಮ ಮಕ್ಕಳು ಟಿ.ವಿ.ಯಲ್ಲಿ ನೋಡಿದ್ದಾರೆ. ಟಿ.ವಿ.ಯಲ್ಲಿ ಕಂಡದ್ದು ಊರಿಗೆ ಬರಲು ಹೆಚ್ಚು ದಿನ ಬೇಕಿಲ್ಲ. ನವಲಗುಂದ ತಾಲ್ಲೂಕಿನ ತಿರ್ಲಾಪುರದಂಥ ಎರೆಮಣ್ಣಿನ ಊರನ್ನು ಮನಸ್ಸಿಗೆ ತಂದುಕೊಳ್ಳಿ. ಶಾಲೆಯ ಬಯಲಿನಲ್ಲಿ ಕಬಡ್ಡಿ ಪಂದ್ಯವಿದೆ ಎಂದಿಟ್ಟುಕೊಳ್ಳೋಣ. ಗೆರೆ ಎಳೆದಾಗಿದೆ, ಧ್ವನಿವರ್ಧಕದಲ್ಲಿ ರಾಷ್ಟ್ರಗೀತೆ ಕೇಳಿಬರುತ್ತಿದೆ, ಎರಡೂ ತಂಡಗಳು ಸಾಲಾಗಿ ನಿಂತಿವೆ. ಒಬ್ಬ ಹುಡುಗ ಮಾತ್ರ ಸಾಲಿನಲ್ಲಿಲ್ಲ. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ಆ ಖಾಲಿ ಜಾಗ ಯಾರ ಕಣ್ಣನ್ನೂ ತಪ್ಪಿಸುವುದಿಲ್ಲ. ಪಂದ್ಯ ಮುಗಿಯುವುದರೊಳಗೆ ಅವನು ಯಾರ ಮಗ, ಯಾವ ಓಣಿಯವನು, ಯಾವ ಧರ್ಮದವನು ಎಂಬ ಮಾತು ಎದ್ದಿರುತ್ತದೆ. ಆ ಹುಡುಗನ ಬಗ್ಗೆ ನಾವು ಏನು ಹೇಳಬೇಕು?

ಮೊದಲು ಕಾನೂನನ್ನು ನೋಡೋಣ. ರವೀಂದ್ರನಾಥ ಠಾಕೂರರ ಗೀತೆ 1950ರ ಜನವರಿ 24ರಂದು ನಮ್ಮ ರಾಷ್ಟ್ರಗೀತೆಯಾಯಿತು. ಅದನ್ನು ಪೂರ್ತಿಯಾಗಿ ಹಾಡಲು ಸುಮಾರು 52 ಸೆಕೆಂಡು ಸಾಕು. 1976ರಲ್ಲಿ ಸಂವಿಧಾನಕ್ಕೆ ಸೇರಿದ 51-ಎ ವಿಧಿಯು ಅದನ್ನು ಗೌರವಿಸುವುದು ಪ್ರತಿ ಪ್ರಜೆಯ ಕರ್ತವ್ಯವೆನ್ನುತ್ತದೆ. ಗೀತೆ ಕೇಳಿಬಂದಾಗ ಎದ್ದು ನೆಟ್ಟಗೆ ನಿಲ್ಲಬೇಕೆಂದು ಕೇಂದ್ರ ಸರ್ಕಾರದ ಆದೇಶವೂ ಇದೆ. ಆದರೆ 1971ರ ರಾಷ್ಟ್ರಗೌರವ ಕಾಯ್ದೆಯು ಶಿಕ್ಷೆ ವಿಧಿಸಿದ್ದು ಬೇಕೆಂದೇ ಗೀತೆಗೆ ಅಡ್ಡಿಪಡಿಸುವವನಿಗೆ, ಹಾಡುವವರ ಸಭೆಯನ್ನು ಕೆಡಿಸುವವನಿಗೆ. ಸುಮ್ಮನೆ ನಿಂತವನಿಗಲ್ಲ.

ಈ ವ್ಯತ್ಯಾಸ ಸ್ಪಷ್ಟವಾದದ್ದು ಕೇರಳದ ಮೂವರು ಶಾಲಾಮಕ್ಕಳಿಂದ. ಅವರು 'ಯೆಹೋವನ ಸಾಕ್ಷಿಗಳು' ಪಂಗಡದವರು. ಬೆಳಗಿನ ಪ್ರಾರ್ಥನೆಯಲ್ಲಿ ಗೀತೆಗೆ ಎದ್ದು ನಿಲ್ಲುತ್ತಿದ್ದರು, ಆದರೆ ತಮ್ಮ ವಿಶ್ವಾಸದ ಕಾರಣ ಹಾಡುತ್ತಿರಲಿಲ್ಲ. ವಿಷಯ ವಿಧಾನಸಭೆಯವರೆಗೆ ಹೋಯಿತು; ವಿಚಾರಿಸಿದಾಗ ಮಕ್ಕಳು ಅಗೌರವವೇನೂ ತೋರಿಲ್ಲವೆಂದೇ ವರದಿ ಬಂತು. ಆದರೂ 1985ರಲ್ಲಿ ಅವರನ್ನು ಶಾಲೆಯಿಂದ ಹೊರಹಾಕಲಾಯಿತು. 1986ರ ಆಗಸ್ಟ್ 11ರಂದು ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರಿದ್ದ ಸುಪ್ರೀಂ ಕೋರ್ಟಿನ ಪೀಠ ಅವರನ್ನು ಮರಳಿ ಸೇರಿಸಿಕೊಳ್ಳುವಂತೆ ಆಜ್ಞೆ ಮಾಡಿತು. ಗೌರವದಿಂದ ನಿಂತವನು ಹಾಡಲಿಲ್ಲವೆಂಬ ಮಾತ್ರಕ್ಕೆ ಗೀತೆಯನ್ನು ಅವಮಾನಿಸಿದಂತಾಗುವುದಿಲ್ಲವೆಂದು ಹೇಳಿತು.

ಕಾನೂನು ಇಷ್ಟು. ನೀತಿಯ ಪ್ರಶ್ನೆ ಇದಕ್ಕಿಂತ ಆಳದ್ದು. 'ಉಂಡ ಮನೆಯ ಜಂತೆ ಎಣಿಸಬಾರದು' ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ದೇವರ ನಂತರ ನಾವು ಹೆಚ್ಚು ಋಣಿಗಳಾಗಿರುವುದು ಹೆತ್ತವರಿಗೆ ಮತ್ತು ತಾಯ್ನಾಡಿಗೆ ಎಂದು ಸಂತ ಥಾಮಸ್ ಅಕ್ವೀನರು ಕಲಿಸಿದರು; ಆ ಋಣವನ್ನು ಗೌರವದಿಂದ ತೀರಿಸುವುದನ್ನು ಒಂದು ಸದ್ಗುಣವೆಂದೇ ಎಣಿಸಿದರು. ಆದ್ದರಿಂದ ಆಟಗಾರನು ಗೀತೆಯ ಹೊತ್ತಿಗೆ ಸಾಲಿನಲ್ಲಿರಲಿ ಎಂದು ನಿರೀಕ್ಷಿಸುವುದರಲ್ಲಿ ತಪ್ಪಿಲ್ಲ. ದೇಶದ ಹೆಸರು ಬರೆದ ಅಂಗಿ ತೊಟ್ಟು ಆಡುವವನಿಂದ ಇನ್ನೂ ಹೆಚ್ಚು ನಿರೀಕ್ಷಿಸಬಹುದು. ಆ ಅಂಗಿಯನ್ನು ಅವನೇ ಬಯಸಿ ಪಡೆದಿದ್ದಾನೆ.

ಆದರೆ ನಿರೀಕ್ಷೆ ಬೇರೆ, ಬಲವಂತ ಬೇರೆ. ಮಗನು ತಾಯಿಯ ಕಾಲಿಗೆ ನಮಸ್ಕರಿಸಲಿ ಎಂದು ಬಯಸುವುದು ಸರಿ. ಕುತ್ತಿಗೆ ಹಿಡಿದು ಬಗ್ಗಿಸಿದರೆ ಅದು ನಮಸ್ಕಾರವಾದೀತೇ? ಒಂದು ಕ್ರಿಯೆಯನ್ನು ತೂಗುವಾಗ ಮಾಡಿದ್ದೇನು, ಯಾವ ಉದ್ದೇಶದಿಂದ, ಯಾವ ಸಂದರ್ಭದಲ್ಲಿ ಎಂಬ ಮೂರನ್ನೂ ನೋಡಬೇಕೆಂದು ಧರ್ಮಸಭೆ ಕಲಿಸುತ್ತದೆ. ಸಾಲಿನಲ್ಲಿಲ್ಲದ ಆ ಹುಡುಗ ಹೊರಳಿದ ಪಾದಕ್ಕೆ ಪಟ್ಟಿ ಕಟ್ಟಿಸಿಕೊಳ್ಳುತ್ತಿರಬಹುದು. ಬರೀ ಉಡಾಫೆಯಿಂದ ಹಿಂದೆ ಉಳಿದಿರಬಹುದು. ಹಾಗಿದ್ದರೆ ಗುರುಗಳು ಕರೆದು ಬುದ್ಧಿ ಹೇಳಲಿ. ಅಥವಾ ಅವನ ಮನಸ್ಸಾಕ್ಷಿಯೇ ತಡೆದಿರಬಹುದು. ಹೊರಗಿನಿಂದ ಮೂರೂ ಒಂದೇ ಥರ ಕಾಣುತ್ತವೆ.

ಕಂಡದ್ದನ್ನೇ ನಂಬಿ ತೀರ್ಪು ಕೊಟ್ಟರೆ ಏನಾಗುತ್ತದೆಂಬುದಕ್ಕೆ ನೆರೆಯ ಗೋವೆಯ ಉದಾಹರಣೆ ಇದೆ. 2016ರಲ್ಲಿ ಪಣಜಿಯ ಚಿತ್ರಮಂದಿರವೊಂದರಲ್ಲಿ ರಾಷ್ಟ್ರಗೀತೆಗೆ ಏಳಲಿಲ್ಲವೆಂದು ಒಬ್ಬ ಬರಹಗಾರರಿಗೆ ಹಿಂದಿನಿಂದ ಹೊಡೆದರು. ಅವರು ಬೆನ್ನುಹುರಿಗೆ ಪೆಟ್ಟು ಬಿದ್ದು ಗಾಲಿಕುರ್ಚಿ ಬಳಸುವವರು; ಏಳಲು ಅವರಿಂದ ಆಗುತ್ತಲೇ ಇರಲಿಲ್ಲ. ಬೆಂಗಳೂರಿನಲ್ಲೂ 2019ರ ಅಕ್ಟೋಬರ್‌ನಲ್ಲಿ ಚಿತ್ರಮಂದಿರದಲ್ಲಿ ಏಳದ ಕೆಲವರನ್ನು ಸುತ್ತುವರಿದು ಬೈದ ದೃಶ್ಯ ಊರೂರಿಗೆ ಹಬ್ಬಿತು. ಗೀತೆಗೆ ಎದ್ದು ನಿಲ್ಲುವುದು ಕರ್ತವ್ಯವೆಂದೇ ಇಟ್ಟುಕೊಳ್ಳಿ. ಪಕ್ಕದವನ ಮೇಲೆ ಕೈಮಾಡುವ ಅಧಿಕಾರವನ್ನು ನಮಗೆ ಯಾರು ಕೊಟ್ಟರು?

ದಾನಿಯೇಲನ ಗ್ರಂಥದ ಮೂವರು ಯುವಕರ ಕಥೆ ನಿಮಗೆ ಗೊತ್ತು. ವಾದ್ಯ ಕೇಳಿದೊಡನೆ ಎಲ್ಲರೂ ಚಿನ್ನದ ಪ್ರತಿಮೆಗೆ ಅಡ್ಡಬೀಳಬೇಕು, ಬೀಳದವನಿಗೆ ಉರಿಯುವ ಕುಲುಮೆ ಎಂದು ಅರಸ ಸಾರಿದ್ದ. ನಮ್ಮ ದೇಶ ಆರಾಧನೆಯನ್ನು ಕೇಳುತ್ತಿಲ್ಲ, ಗೌರವವನ್ನು ಕೇಳುತ್ತಿದೆ. ಸಂತ ಪೇತ್ರರು ದೇವರಿಗೆ ಭಯವನ್ನೂ ಅರಸನಿಗೆ ಮರ್ಯಾದೆಯನ್ನೂ ಬೇರೆಬೇರೆಯಾಗಿ ಹೇಳಿದ್ದಾರೆ. ಹಾಗಾಗಿ ಕಥೋಲಿಕ ವಿಶ್ವಾಸಿಗೆ ರಾಷ್ಟ್ರಗೀತೆಗೆ ನಿಲ್ಲುವುದರಲ್ಲೂ ಹಾಡುವುದರಲ್ಲೂ ಯಾವ ಅಳುಕೂ ಬೇಕಿಲ್ಲ. ಆದರೆ ಕುಲುಮೆಯನ್ನು ತೋರಿಸಿ ಪಡೆದದ್ದು ಗೌರವವಲ್ಲ, ಭಯ. ಬಾಲಕನ ಆಟವನ್ನೋ ವಿದ್ಯಾರ್ಥಿವೇತನವನ್ನೋ ಒತ್ತೆ ಇಟ್ಟುಕೊಂಡು ಗೀತೆ ಹಾಡಿಸುವವರು ಗೀತೆಯನ್ನೇ ಕೆಳಗಿಳಿಸುತ್ತಾರೆ.

ಹಾಗೆಂದು ಮನಸ್ಸಾಕ್ಷಿಯ ಹೆಸರಿನಲ್ಲಿ ಏನು ಮಾಡಿದರೂ ನಡೆಯುತ್ತದೆಂದಲ್ಲ. ಒಪ್ಪದವನಿಗೂ ಕರ್ತವ್ಯವಿದೆ. ಅವನು ಹಾಡುವವರನ್ನು ಹೀಯಾಳಿಸಬಾರದು. ಕೇರಳದ ಮಕ್ಕಳು ಹಾಡದಿದ್ದರೂ ನಿಂತಿದ್ದರು. ಅಮೆರಿಕದಲ್ಲಿ 1996ರಲ್ಲಿ ಮಹಮೂದ್ ಅಬ್ದುಲ್ ರೌಫ್ ಎಂಬ ಬಾಸ್ಕೆಟ್‌ಬಾಲ್ ಆಟಗಾರ ತನ್ನ ಧರ್ಮದ ಕಾರಣ ಗೀತೆಗೆ ನಿಲ್ಲಲೊಪ್ಪದೆ ಒಂದು ಪಂದ್ಯ ಅಮಾನತಾದ. ಆಮೇಲೆ ಎದ್ದು ನಿಂತು, ಆ ಹೊತ್ತಿನಲ್ಲಿ ತನ್ನ ಪ್ರಾರ್ಥನೆ ಮಾಡಿಕೊಳ್ಳುವುದೆಂದು ಒಪ್ಪಂದವಾಯಿತು. ಎರಡೂ ಕಡೆಯವರಿಗೆ ಮನಸ್ಸಿದ್ದರೆ ದಾರಿ ಸಿಗುತ್ತದೆ.

ತಂದೆತಾಯಿಗಳಿಗೆ ಒಂದು ಮಾತು. ಗೀತೆಯ ಅರ್ಥವನ್ನು ಮಕ್ಕಳಿಗೆ ಮನೆಯಲ್ಲೇ ಹೇಳಿಕೊಡಿ. ಬಾವುಟದ ಖಾದಿ ನಮ್ಮ ಗರಗದಲ್ಲಿ ನೇಯ್ದದ್ದೆಂದೂ ಹುಬ್ಬಳ್ಳಿಯ ಬೆಂಗೇರಿಯಲ್ಲಿ ನಮ್ಮ ಅಕ್ಕತಂಗಿಯರು ಅದನ್ನು ಹೊಲಿಯುತ್ತಾರೆಂದೂ ತಿಳಿಸಿ. ತಿಳಿದು ಬಂದ ಪ್ರೀತಿಗೆ ಕಾವಲುಗಾರ ಬೇಕಾಗುವುದಿಲ್ಲ.

ಇನ್ನೊಂದು ಮಾತು ನಮ್ಮೆಲ್ಲರಿಗೂ. ನಾವು ಸಂಖ್ಯೆಯಲ್ಲಿ ಕಡಿಮೆ. ನಮ್ಮ ದೇಶಪ್ರೇಮವನ್ನು ಯಾರಾದರೂ ಶಂಕಿಸಿಯಾರೆಂಬ ಅಂಜಿಕೆಯಿಂದ, ಇನ್ನೊಬ್ಬನನ್ನು ಶಂಕಿಸುವ ಗುಂಪಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುವ ಚಪಲ ನಮ್ಮಲ್ಲಿ ಹುಟ್ಟಬಹುದು. ಅದನ್ನು ಗುರುತಿಸಿ ದೂರವಿಡೋಣ. ನಿಮ್ಮ ಮಗ ಸಾಲಿನಲ್ಲಿ ನೆಟ್ಟಗೆ ನಿಂತಿದ್ದರೆ ಸಂತೋಷಪಡಿ. ಆದರೆ ಗೀತೆ ಮುಗಿದ ಮೇಲೆ ಸಾಲಿನಲ್ಲಿಲ್ಲದ ಆ ಹುಡುಗನನ್ನು ಆಟದಿಂದ ಹೊರಗಿಡುವ ಮಾತು ಬಂದರೆ, 'ಮೊದಲು ಅವನನ್ನು ಕೇಳೋಣ' ಎನ್ನುವ ಧೈರ್ಯವನ್ನೂ ನಿಮ್ಮ ಮಗನಿಗೆ ಕಲಿಸಿ.