ಸೇರಿನ ತಳ

ನಮ್ಮೂರ ಸಂತೆಯಲ್ಲಿ ಒಬ್ಬ ಅಂಗಡಿಯವನಿದ್ದ. ಕಾಳಿಗೆ ಕಲ್ಲು ಬೆರೆಸುತ್ತಿರಲಿಲ್ಲ, ಎಣಿಕೆ ತಪ್ಪುತ್ತಿರಲಿಲ್ಲ. ಅವನ ಸೇರಿನ ತಳ ಮಾತ್ರ ಒಳಕ್ಕೆ ನೆಗ್ಗಿತ್ತು. ಚೆನ್ನೈಗೆ ಬಂದು, ಬಂದರಿನ ಕೆಸರಿನಲ್ಲಿ ಸೀಸ, ಸತು, ತಾಮ್ರ ಎಷ್ಟಿವೆ ಎಂದು ಅಳೆಯುವ ಕೆಲಸಕ್ಕೆ ಸೇರಿದ ಮೇಲೆ ಅವನು ಮತ್ತೆ ಮತ್ತೆ ನೆನಪಾಗುತ್ತಾನೆ.

ಕೆಸರಿನಲ್ಲಿ ಲೋಹ ಇರುವುದೇ ತಪ್ಪಲ್ಲ. ಬಂಡೆ ಸವೆದು ಮಣ್ಣಾದಾಗ ಅದರೊಳಗಿನ ಸೀಸವೂ ಜೊತೆಗೆ ಬರುತ್ತದೆ. ಆದ್ದರಿಂದ ಎಷ್ಟಿದೆ ಎಂದು ಕೇಳಿದರೆ ಸಾಲದು, ಯಾವುದಕ್ಕೆ ಹೋಲಿಸಿದರೆ ಎಷ್ಟು ಎಂದೂ ಕೇಳಬೇಕು. ಟ್ಯುರೆಕಿಯನ್ ಮತ್ತು ವೆಡೆಪೋಲ್ 1961ರಲ್ಲಿ ಕೊಟ್ಟ ಜೇಡಿಶಿಲೆಯ ಸರಾಸರಿಯನ್ನು ಇಂದಿಗೂ ಬಹಳ ಜನ ಬಳಸುತ್ತಾರೆ. ಅದರಲ್ಲಿ ಸೀಸ ಹತ್ತು ಲಕ್ಷಕ್ಕೆ 20 ಭಾಗ. ನುಣುಪು ಜೇಡಿ ಲೋಹವನ್ನು ಹೆಚ್ಚು ಹಿಡಿದಿಡುತ್ತದೆ, ಮರಳು ಕಡಿಮೆ. ಈ ವ್ಯತ್ಯಾಸ ತೊಡೆಯಲು, ಮಣ್ಣಿನೊಂದಿಗೇ ಬರುವ ಅಲ್ಯುಮಿನಿಯಂ ಅಥವಾ ಕಬ್ಬಿಣದಿಂದ ಭಾಗಿಸುತ್ತೇವೆ.

ಅಳತೆ ತಪ್ಪುವುದು ಇಲ್ಲೇ. ಚೆನ್ನೈ ಬಂದರಿನ ಭಾರತಿ ಡಾಕ್‌ನಿಂದ 1977ರಿಂದ ಹಡಗು ಹತ್ತಿದ್ದು ನಮ್ಮ ಬಳ್ಳಾರಿ-ಹೊಸಪೇಟೆಯ ಅದಿರು. ಅದಿರು ಉದುರಿದ ಕಡೆ ಕಬ್ಬಿಣ ಹೆಚ್ಚಲೇಬೇಕು. ಒಂದು ಲೆಕ್ಕ ಹಾಕಿ ನೋಡೋಣ. ಸೀಸ 20ರ ಬದಲು 60 ಇದ್ದು, ಕಬ್ಬಿಣ ಸಹಜವಾಗಿಯೇ ಇದ್ದರೆ ಉತ್ತರ 3. ಅದಿರಿನಿಂದ ಕಬ್ಬಿಣ ಎರಡು ಪಟ್ಟಾದರೆ ಉತ್ತರ 1.5. ಎರಡಕ್ಕಿಂತ ಕಡಿಮೆ ಬಂದರೆ 'ಅಲ್ಪ' ಎಂದು ಬರೆಯುವುದು ರೂಢಿ. ಸೀಸ ಒಂದು ಕಣವೂ ಕಡಿಮೆಯಾಗಿಲ್ಲ, ಆದರೂ ವರದಿಯಲ್ಲಿ ಕರಗಿಹೋಯಿತು.

ಒಮ್ಮೆ ನಾನೇ ಹಾಗೆ ಮಾಡಿದ್ದೆ. ಎರಡೂ ಲೆಕ್ಕ ಮುಂದಿದ್ದವು; ಸಣ್ಣದಾಗಿ ಬಂದದ್ದನ್ನು ಕೋಷ್ಟಕಕ್ಕೆ ಹಾಕಿದೆ. ಯಂತ್ರ ಸರಿಯಿತ್ತು, ಗಣಿತ ಸರಿಯಿತ್ತು, ವಿಧಾನವೂ ಒಪ್ಪಿತವೇ. ಹಾಗಾದರೆ ಸುಳ್ಳು ಹೇಳಿದೆನೇ? ಹೇಳಲಿಲ್ಲ ಎಂದು ಬಹಳ ದಿನ ಸಮಾಧಾನ ಮಾಡಿಕೊಂಡೆ. ಈಗ ಅನಿಸುತ್ತದೆ: ಉತ್ತರ ನೋಡಿದ ಮೇಲೆ ಸೇರು ಆರಿಸಿಕೊಂಡದ್ದೇ ಸುಳ್ಳು. ಒಂದು ಸೇರನ್ನು ಬಿಟ್ಟದ್ದನ್ನು ಹೇಳದೇ ಇದ್ದದ್ದು ಎರಡನೆಯದು.

ಧೂಳಿನ ದೂರಿನ ಮೇಲೆ ಮದ್ರಾಸ್ ಹೈಕೋರ್ಟ್ ಕೊಟ್ಟ ಆದೇಶದಿಂದ 2011ರ ಅಕ್ಟೋಬರ್‌ನಲ್ಲಿ ಚೆನ್ನೈ ಬಂದರಿನಲ್ಲಿ ಕಲ್ಲಿದ್ದಲು, ಅದಿರಿನ ವಹಿವಾಟು ನಿಂತಿತು. ರಾಯಪುರದ ಕಡೆಯವರ ಎದೆ ಹಗುರಾಯಿತು, ಆಗಬೇಕಾದದ್ದೇ. ಆದರೆ ಕಲ್ಲಿದ್ದಲಿನ ದೊಡ್ಡ ಪಾಲು ಉತ್ತರದ ಎಣ್ಣೂರಿಗೆ ಹೋಯಿತು. ಅಲ್ಲಿನ ಅಳಿವೆಯಲ್ಲಿ ಮೊದಲೇ ಶಾಖೋತ್ಪನ್ನ ಸ್ಥಾವರಗಳ ಹಾರುಬೂದಿ; 2023ರ ಡಿಸೆಂಬರ್‌ನಲ್ಲಿ ಮಿಚೌಂಗ್ ಚಂಡಮಾರುತದ ಪ್ರವಾಹದೊಂದಿಗೆ ಎಣ್ಣೆಯೂ ಬಂತು. ಇಂದಿನ ಎಣ್ಣೂರಿನ ಕೆಸರನ್ನೇ 'ಸಹಜ' ಎಂದು ಹಿಡಿದರೆ ನಾಳೆ ಬರುವ ಕೊಳೆಯೆಲ್ಲ 'ಅಲ್ಪ'ವೇ.

ಆ ಕೆಸರಿನಲ್ಲಿ ಇಳಿದು ಕೈಯಲ್ಲೇ ಸೀಗಡಿ ಹಿಡಿಯುವ ಇರುಳರ ಹೆಣ್ಣುಮಕ್ಕಳಿದ್ದಾರೆ. ಅವರಲ್ಲೊಬ್ಬರು ನನ್ನ ಚೀಲ ನೋಡಿ, "ಮಣ್ಣು ತಗೊಂಡು ಹೋಗ್ತೀರಲ್ಲ ಸಾರ್, ಸೀಗಡಿ ತಿನ್ನಬಹುದಾ?" ಎಂದು ಕೇಳಿದರು. ನನ್ನ ಸೂಚ್ಯಂಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಮಣ್ಣಿನಲ್ಲಿರುವುದೆಲ್ಲ ಸೀಗಡಿಯ ಮೈಗೆ ಸೇರುವುದಿಲ್ಲ. ಅದನ್ನು ತಿಳಿಯಲು ಸೀಗಡಿಯನ್ನೇ ಪರೀಕ್ಷಿಸಬೇಕು. "ಈ ಪರೀಕ್ಷೆಯಿಂದ ಗೊತ್ತಾಗಲ್ಲಮ್ಮ" ಎಂದೆ. "ಮತ್ತೆ ಯಾಕೆ ಮಾಡ್ತೀರಿ?" ಎಂದು ಕೇಳಿ ಅವರು ಮತ್ತೆ ನೀರಿಗಿಳಿದರು.

ನಮ್ಮಜ್ಜಿ ಸಂತೆಗೆ ಹೋಗುವಾಗ ಮನೆಯ ಸೇರನ್ನೇ ಒಯ್ಯುತ್ತಿದ್ದಳು. ಕೆಸರಿಗೂ ಅಂಥದೊಂದು ಮನೆಯ ಸೇರು ಇದೆ. ಕೊಳವೆ ಇಳಿಸಿ ಆಳದಿಂದ ಮಣ್ಣು ತೆಗೆದರೆ, ಕಾರ್ಖಾನೆ, ಹಡಗುಗಳಿಗಿಂತ ಹಿಂದಿನ ಪದರ ಸಿಗುತ್ತದೆ. ಈ ನೆಲ ತನ್ನಷ್ಟಕ್ಕೆ ಹೇಗಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಅದಕ್ಕೆ ಖರ್ಚು ಹೆಚ್ಚು, ಸಮಯವೂ ಹೆಚ್ಚು. ಪುಸ್ತಕದ ಸರಾಸರಿ ಪುಕ್ಕಟೆ. ಈಗ ನಾನು ಎರಡೂ ಲೆಕ್ಕಗಳನ್ನು ಅಕ್ಕಪಕ್ಕ ಬರೆಯುತ್ತೇನೆ, ಯಾವ ಸೇರು ಎಂದು ಮೊದಲ ಸಾಲಿನಲ್ಲೇ ಹೇಳುತ್ತೇನೆ. ಆ ಹೆಣ್ಣುಮಗಳ ಪ್ರಶ್ನೆಗೆ ಅದು ಉತ್ತರವಲ್ಲ. ಮುಂದಿನ ಸಲ ಚೀಲದಲ್ಲಿ ಮಣ್ಣಿನ ಜೊತೆ ನಾಲ್ಕು ಸೀಗಡಿಯನ್ನೂ ತರಬೇಕು.